ನೆಲದಲ್ಲಿ ಅರಳುವ ಆರ್ಕಿಡ್ : ಹ್ಯಾಬಿನೇರಿಯ



ಆರ್ಕಿಡ್ ಎಂದ ಕೂಡಲೇ ನಮಗೆಲ್ಲ ನೆನಪಾಗೋದು ಸೀತಾಳೆ ದಂಡೆ. ಮಾವಿನ ಮರವೋ ಹಲಸಿನ ಮರವೋ, ಕೊಂಬೆಗೆ ಬೇರು ಕಚ್ಚಿಕೊಂಡು, ಮಳೆಗಾಲದ ಬಾಗಿಲಲ್ಲಿ ನರಿಬಾಲದ ಹಾಗೆ ಹೂ ಇಳಿಬಿಡುತ್ತದಲ್ಲ, ಅದು. ಹಾಗಾಗಿ ಆರ್ಕಿಡ್ ಅಂದ್ರೆ ಮರದ ಮೇಲೇ ಬೆಳೆಯೋ ಗಿಡ ಅಂತ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ನಮ್ಮ ಕಾಲ ಬುಡದಲ್ಲೇ, ದನ ಮೇಯುವ ಬ್ಯಾಣದಲ್ಲಿ, ದರೆಯ ಅಂಚಿನಲ್ಲಿ, ಚಿರೆಕಲ್ಲಿನ ಹಾಸಿನ ಮೇಲೆ ಹುಲ್ಲಿನ ನಡುವೆ ಅರಳುವ ಆರ್ಕಿಡ್‌ಗಳೂ ಇವೆ. ಅವುಗಳಲ್ಲಿ ದೊಡ್ಡ ಮನೆತನ ಎಂದರೆ ಹ್ಯಾಬಿನೇರಿಯ. ಈ ಸಲದ ಗೋಡೆ ಪತ್ರಿಕೆಯಲ್ಲಿ ಅದರ ಪರಿಚಯ ಮಾಡಿಕೊಳ್ಳೋಣ.

ಹೆಸರು ಮತ್ತು ಮನೆತನ

ಆರ್ಕಿಡ್ ಕುಟುಂಬ ಬಹಳ ದೊಡ್ಡದು. ಪ್ರಪಂಚದಲ್ಲಿ ಸುಮಾರು 28,000 ಪ್ರಭೇದಗಳಿವೆ ಎಂದು ಲೆಕ್ಕ. ಇವೆಲ್ಲ ಏಕದಳ ಸಸ್ಯಗಳು. ಅಂದರೆ ಹುಲ್ಲು, ಭತ್ತ, ಅಡಿಕೆ, ಬಾಳೆ ಇವುಗಳ ದೂರದ ನೆಂಟರು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನರಗಳು ಅಕ್ಕಪಕ್ಕ ಸಾಲಾಗಿ ಹೋಗಿರೋದು ಕಾಣುತ್ತದೆ.

ಹ್ಯಾಬಿನೇರಿಯ ಎಂಬ ಜಾತಿಯನ್ನು 1805ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ ವಿಲ್ಡೆನೋವ್ ಹೆಸರಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಹಬೇನ’ ಎಂದರೆ ಬಾರು, ಕುದುರೆಯ ಲಗಾಮು. ಈ ಹೂಗಳ ಭಾಗಗಳು ಬಾರಿನ ಹಾಗೆ ಉದ್ದವಾಗಿ ನೇತಾಡುವುದರಿಂದ ಆ ಹೆಸರು ಬಂತು. ಈ ಒಂದೇ ಜಾತಿಯಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ. ಏಷ್ಯಾ, ಆಫ್ರಿಕಾ, ಅಮೆರಿಕ ಖಂಡಗಳ ಬೆಚ್ಚಗಿನ ನಾಡುಗಳಲ್ಲೆಲ್ಲ ಇವು ಹರಡಿವೆ. ನಮ್ಮ ಪಶ್ಚಿಮ ಘಟ್ಟ ಇವುಗಳ ಒಳ್ಳೆ ತವರು.

ನೆಲದೊಳಗೆ : ಎರಡು ಕಣಜ

ಮೊದಲು ಕಣ್ಣಿಗೆ ಕಾಣದ ಭಾಗದಿಂದ ಶುರು ಮಾಡೋಣ. ಮರದ ಮೇಲಿನ ಆರ್ಕಿಡ್‌ಗೆ ದಪ್ಪ ಬೇರುಗಳು ಗಾಳಿಯಲ್ಲಿ ಇಳಿಬಿದ್ದಿರುತ್ತವೆ. ಹ್ಯಾಬಿನೇರಿಯಕ್ಕೆ ಹಾಗಿಲ್ಲ. ಇದಕ್ಕೆ ಮಣ್ಣೊಳಗೆ ಗೆಡ್ಡೆ ಇದೆ. ಮೊಟ್ಟೆಯ ಆಕಾರದ್ದು, ಕವಲಿಲ್ಲದ್ದು, ಒಳಗೆ ನೀರು ಮತ್ತು ಪಿಷ್ಟ ತುಂಬಿಕೊಂಡದ್ದು.

ಬೇಸಿಗೆಯಲ್ಲಿ ಬ್ಯಾಣಕ್ಕೆ ಹೋದರೆ ಈ ಗಿಡ ಎಲ್ಲೂ ಕಾಣೋದಿಲ್ಲ. ನೆಲ ಕಾದ ಹಂಚಿನ ಹಾಗಿರುತ್ತದೆ, ಹುಲ್ಲೆಲ್ಲ ಒಣಗಿರುತ್ತದೆ. ಗಿಡ ಸತ್ತಿದೆಯೇ? ಇಲ್ಲ, ಮಲಗಿದೆ. ನಾಲ್ಕೈದು ಬೆರಳು ಆಳದಲ್ಲಿ ಗೆಡ್ಡೆ ತಣ್ಣಗೆ ನಿದ್ದೆ ಮಾಡುತ್ತಿರುತ್ತದೆ. ಮೇಲೆ ಹುಲ್ಲಿಗೆ ಬೆಂಕಿ ಬಿದ್ದು ಹೋದರೂ ಒಳಗಿರುವ ಗೆಡ್ಡೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಮುಂಗಾರು ಬಿದ್ದು ಮಣ್ಣು ನೆನೆದ ಕೂಡಲೇ ಗೆಡ್ಡೆಯಿಂದ ಮೊಳಕೆ ಏಳುತ್ತದೆ. ಎಲೆ, ಕಾಂಡ, ಹೂ ಎಲ್ಲಕ್ಕೂ ಮೊದಲ ಖರ್ಚು ಈ ಹಳೇ ಗೆಡ್ಡೆಯದೇ. ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ಇನ್ನೊಂದು ಚಿಕ್ಕ ಗೆಡ್ಡೆ ಹುಟ್ಟುತ್ತದೆ. ಎಲೆಗಳು ಬಿಸಿಲಲ್ಲಿ ತಯಾರಿಸಿದ ಆಹಾರ ಈ ಹೊಸ ಗೆಡ್ಡೆಗೆ ಸೇರುತ್ತಾ ಹೋಗುತ್ತದೆ. ಹಳೇ ಕಣಜ ಖಾಲಿ ಆಗ್ತಾ ಇರುತ್ತೆ, ಹೊಸ ಕಣಜ ತುಂಬ್ತಾ ಇರುತ್ತೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಳೇದು ಸುಕ್ಕುಗಟ್ಟಿ ಕೊಳೆತುಹೋಗುತ್ತದೆ. ಹೊಸದು ಮುಂದಿನ ವರ್ಷಕ್ಕೆ ಸಿದ್ಧ. ಭತ್ತ ಬೆಳೆಯೋ ರೈತ ಬಿತ್ತನೆ ಬೀಜ ಎತ್ತಿಟ್ಟ ಹಾಗೆ ಈ ಗಿಡ ಪ್ರತಿ ವರ್ಷ ಒಂದು ಗೆಡ್ಡೆ ಎತ್ತಿಡುತ್ತದೆ. ಈ ಮಾತು ನೆನಪಿಡಿ. ಲೇಖನದ ಕೊನೆಗೆ ಇದು ಬೇಕಾಗುತ್ತದೆ.

ಕಾಂಡ ಮತ್ತು ಎಲೆ

ಕಾಂಡ ಒಂದೇ. ಕವಲು ಒಡೆಯೋದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಎಲೆಗಳ ಬುಡ ಕಾಂಡವನ್ನು ಸುತ್ತಿ ಅಪ್ಪಿಕೊಂಡಿರುತ್ತದೆ. ಎಲೆಗಳ ಜೋಡಣೆಯಲ್ಲಿ ಮೂರು ಬಗೆ ನೋಡಬಹುದು.

1. ಒಂದೋ ಎರಡೋ ದುಂಡನೆ ಎಲೆ ನೆಲಕ್ಕೆ ಅಂಟಿಸಿದ ಹಾಗೆ ಮಲಗಿರುವುದು.
2. ನಾಲ್ಕಾರು ಎಲೆ ಬುಡದಲ್ಲೇ ಗುಂಪಾಗಿ ಹರಡಿ, ನಡುವಿನಿಂದ ಹೂದಂಟು ಏಳುವುದು.
3. ಎಲೆಗಳು ಕಾಂಡದ ಉದ್ದಕ್ಕೂ ಒಂದರ ಮೇಲೊಂದು ಬರುವುದು.

ನೆಲಕ್ಕೆ ಅಂಟಿ ಮಲಗಿದ ಎಲೆಗೆ ಒಂದು ಲಾಭ ಇದೆ. ಜೋರು ಗಾಳಿಮಳೆಗೆ ಅದು ಹರಿಯೋದಿಲ್ಲ, ದನದ ಬಾಯಿಗೂ ಸುಲಭಕ್ಕೆ ಸಿಗೋದಿಲ್ಲ.

ತಿರುಚಿದ ಹೂವು

ಈಗ ಹೂವಿಗೆ ಬರೋಣ. ದಾಸವಾಳದ ಹೂವನ್ನು ನಾವು ತರಗತಿಯಲ್ಲಿ ಬಿಡಿಸಿ ನೋಡಿದ್ದೇವೆ. ಐದು ಪುಷ್ಪಪತ್ರ, ಐದು ದಳ, ನಡುವೆ ಕೇಸರಗಳ ಕೊಳವೆ. ಎಲ್ಲ ಕಡೆಯಿಂದ ನೋಡಿದರೂ ಒಂದೇ ರೂಪ. ಆರ್ಕಿಡ್ ಹೂ ಹಾಗಲ್ಲ. ಅದಕ್ಕೆ ನಮ್ಮ ಮುಖದ ಹಾಗೆ ಎಡ, ಬಲ, ಮೇಲೆ, ಕೆಳಗೆ ಅಂತ ಇದೆ.

ಹ್ಯಾಬಿನೇರಿಯದ ಹೂವಿನಲ್ಲಿ ಹೊರಗೆ ಮೂರು ಪುಷ್ಪಪತ್ರ, ಒಳಗೆ ಮೂರು ದಳ. ಮೇಲಿನ ಪುಷ್ಪಪತ್ರ ಅಕ್ಕಪಕ್ಕದ ಎರಡು ದಳಗಳ ಜೊತೆ ಸೇರಿ ಕೊಪ್ಪೆಯ ಹಾಗೆ ಮುಸುಕಾಗಿರುತ್ತದೆ. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ನಿಂತ ಹಾಗೆ ಅನ್ನಿ. ಕೆಳಗಿನ ಮೂರನೇ ದಳವೇ ವಿಶೇಷ. ಇದಕ್ಕೆ ತುಟಿ ಎಂದು ಹೆಸರು. ಹೆಚ್ಚಿನ ಪ್ರಭೇದಗಳಲ್ಲಿ ಇದು ಮೂರು ಸೀಳಾಗಿರುತ್ತದೆ. ಕೆಲವದರಲ್ಲಿ ಸೀಳಿನ ಅಂಚು ದಾರದ ಕುಚ್ಚಿನ ಹಾಗೆ ಹರಿದಿರುತ್ತದೆ. ಪತಂಗಕ್ಕೆ ದಾರಿ ತೋರಿಸುವ ಬಾಗಿಲು ಇದೇ.

ಒಂದು ಸೋಜಿಗ ಕೇಳಿ. ಮೊಗ್ಗಾಗಿರುವಾಗ ಈ ತುಟಿ ಮೇಲ್ಗಡೆ ಇರುತ್ತದೆ! ಅರಳುವ ಹೊತ್ತಿಗೆ ಹೂವಿನ ಹಿಂದಿರುವ ಅಂಡಾಶಯ ಬಟ್ಟೆ ಹಿಂಡಿದ ಹಾಗೆ ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಚಿಕೊಳ್ಳುತ್ತದೆ. ಆಗ ತುಟಿ ಕೆಳಗೆ ಬರುತ್ತದೆ. ಹೂವನ್ನು ಕೀಳದೆ, ಅದರ ಹಿಂದೆ ತೊಟ್ಟಿನ ಹಾಗೆ ಕಾಣುವ ಹಸಿರು ಭಾಗವನ್ನು ಹತ್ತಿರದಿಂದ ನೋಡಿ. ಹಗ್ಗದ ಹುರಿಯ ಹಾಗೆ ತಿರುಚಿದ ಗೆರೆಗಳು ಕಾಣುತ್ತವೆ. ಅದು ತೊಟ್ಟಲ್ಲ, ಮುಂದೆ ಕಾಯಾಗುವ ಅಂಡಾಶಯ. ಬಾಬಾಬುಡನ್‌ಗಿರಿಯಂಥ ಎತ್ತರದ ಬೆಟ್ಟಗಳ ಹುಲ್ಲಿನಲ್ಲಿ ಸಟೈರಿಯಂ ಎಂಬ ಇನ್ನೊಂದು ನೆಲದ ಆರ್ಕಿಡ್ ಇದೆ. ಅದರ ತುಟಿ ಮಾತ್ರ ಅರಳಿದ ಮೇಲೂ ಮೇಲ್ಗಡೆಯೇ ಇರುತ್ತದೆ. ಹೀಗಾಗಿ ತುಟಿ ಎಲ್ಲಿದೆ ಅಂತ ನೋಡಿದರೇ ಇವೆರಡನ್ನೂ ಬೇರೆ ಮಾಡಬಹುದು.

ಇನ್ನು ಕೇಸರ. ದಾಸವಾಳದ ಪರಾಗ ಮುಟ್ಟಿದರೆ ಅರಿಶಿನ ಪುಡಿಯ ಹಾಗೆ ಕೈಗೆ ಹತ್ತುತ್ತದೆ. ಆರ್ಕಿಡ್‌ನಲ್ಲಿ ಪುಡಿ ಇಲ್ಲ. ಪರಾಗವೆಲ್ಲ ಒಟ್ಟಾಗಿ ಎರಡು ಚಿಕ್ಕ ಗಂಟುಗಳಾಗಿರುತ್ತದೆ. ಪ್ರತಿ ಗಂಟಿಗೂ ಒಂದು ಪುಟ್ಟ ದಂಟು, ದಂಟಿನ ತುದಿಗೆ ಒಂದು ಅಂಟುಬಿಲ್ಲೆ. ಕೇಸರ ಮತ್ತು ಶಲಾಕೆ ಬೇರೆ ಬೇರೆ ನಿಲ್ಲದೆ ಒಂದೇ ಕಂಬವಾಗಿ ಕೂಡಿಕೊಂಡಿರುತ್ತವೆ. ಆರ್ಕಿಡ್ ಕುಟುಂಬದ ದೊಡ್ಡ ಗುರುತು ಇದೇ. ಹ್ಯಾಬಿನೇರಿಯದ ಗುರುತು ಇನ್ನೂ ಒಂದಿದೆ. ಅದರ ಶಲಾಕಾಗ್ರ ಎರಡು ಭಾಗವಾಗಿ, ಎರಡು ಪುಟ್ಟ ಕೊಂಬುಗಳ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ.

ಬಾಲದಂಥ ನಾಳ ಯಾಕೆ?

ತುಟಿಯ ಬುಡದಿಂದ ಹಿಂದಕ್ಕೆ ಒಂದು ಸಣ್ಣ ಕೊಳವೆ ಇಳಿಬಿದ್ದಿರುತ್ತದೆ. ಇದೇ ಮಧುನಾಳ. ಇದರ ತುದಿಯಲ್ಲಿ ಮಕರಂದ ಇರುತ್ತದೆ. ಹ್ಯಾಬಿನೇರಿಯ ಲಾಂಗಿಕಾರ್ನಿಕ್ಯುಲೇಟ ಎಂಬ ಪ್ರಭೇದದಲ್ಲಿ ಈ ನಾಳ ನಮ್ಮ ನಡುಬೆರಳಿಗಿಂತಲೂ ಉದ್ದ. ಆ ಬಾಯಿ ತುಂಬುವ ಹೆಸರಿನ ಅರ್ಥವೇ ‘ಉದ್ದ ಕೊಂಬಿನದು’ ಅಂತ.

ಇಷ್ಟು ಉದ್ದದ ಬಾವಿಯ ತಳದಲ್ಲಿ ಜೇನಿಟ್ಟರೆ ಯಾರು ಬಂದು ಕುಡಿಯಬೇಕು? ಜೇನುನೊಣಕ್ಕೆ ಎಟುಕೋದಿಲ್ಲ, ಇರುವೆಗೂ ಆಗೋದಿಲ್ಲ. ಎಟುಕೋದು ಹೀರುಗೊಳವೆ ಉದ್ದ ಇರುವ ಪತಂಗಕ್ಕೆ ಮಾತ್ರ. ಹೂವಿನ ಬಣ್ಣ ಬಿಳಿ ಯಾಕೆ, ಪರಿಮಳ ಕತ್ತಲಾದ ಮೇಲೆ ಜಾಸ್ತಿ ಯಾಕೆ ಅನ್ನೋದಕ್ಕೂ ಇದೇ ಉತ್ತರ. ರಾತ್ರಿ ಹಾರುವ ಅತಿಥಿಗೆ ಬಿಳಿ ಬಣ್ಣ ದೀಪದ ಹಾಗೆ, ಪರಿಮಳ ಕೂಗಿ ಕರೆದ ಹಾಗೆ. ಹಾಕ್ ಮಾತ್ ಎಂಬ ದೊಡ್ಡ ಪತಂಗಗಳು ಸಂಜೆ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುತ್ತಾ ಸುರುಳಿ ಸುತ್ತಿದ ಹೀರುಗೊಳವೆ ಬಿಚ್ಚಿ ನಾಳಕ್ಕೆ ಇಳಿಸುತ್ತವೆ.

ಹೂವಿನ ಉಪಾಯ ಇರೋದು ಇಲ್ಲೇ. ಮಕರಂದ ತೀರಾ ತಳದಲ್ಲಿದೆ. ಅದು ಎಟುಕಬೇಕು ಅಂದ್ರೆ ಪತಂಗ ಮುಖವನ್ನು ಹೂವಿನ ಬಾಯಿಗೆ ಒತ್ತಲೇಬೇಕು. ಒತ್ತಿದಾಗ ಅಂಟುಬಿಲ್ಲೆ ಅದರ ಮುಖಕ್ಕೋ ಕಣ್ಣಿಗೋ ಹೀರುಗೊಳವೆಗೋ ಟಪ್ ಅಂತ ಅಂಟಿಕೊಳ್ಳುತ್ತದೆ. ಪತಂಗ ಹಿಂದೆ ಸರಿದಾಗ ಪರಾಗದ ಗಂಟೂ ಕಿತ್ತುಕೊಂಡು ಜೊತೆಗೇ ಹೊರಡುತ್ತದೆ. ಮುಂದಿನ ಹೂವಿನಲ್ಲಿ ಅದು ಶಲಾಕಾಗ್ರಕ್ಕೆ ತಾಗಿದರೆ ಪರಾಗಸ್ಪರ್ಶ ಆಯಿತು. ನಾಳ ಗಿಡ್ಡವಾಗಿದ್ದರೆ ಪತಂಗ ದೂರದಲ್ಲೇ ನಿಂತು ಕುಡಿದು ಹೋಗಿಬಿಡುತ್ತಿತ್ತು, ಹೂವಿಗೆ ಏನೂ ಸಿಗುತ್ತಿರಲಿಲ್ಲ. ಇದು ಬರೀ ಊಹೆಯಲ್ಲ. ಸ್ವೀಡನ್ನಿನ ವಿಜ್ಞಾನಿ ನಿಲ್ಸನ್ ಹ್ಯಾಬಿನೇರಿಯದ ಹತ್ತಿರದ ಬಂಧುವಾದ ಪ್ಲಾಟಾಂಥೆರ ಹೂಗಳ ನಾಳವನ್ನು ಗಿಡ್ಡ ಮಾಡಿ ನೋಡಿದರು. ಅಂಥ ಹೂಗಳಲ್ಲಿ ಪರಾಗದ ಸಾಗಣೆಯೂ ಕಡಿಮೆ ಆಯಿತು, ಕಾಯಿಯೂ ಕಡಿಮೆ ಆಯಿತು. ಈ ಫಲಿತಾಂಶ 1988ರಲ್ಲಿ ಪ್ರಕಟವಾಯಿತು.

ಇದಕ್ಕೂ ಬಹಳ ಮೊದಲೇ ಈ ವಿಷಯಕ್ಕೆ ತಲೆ ಕೊಟ್ಟವರು ಚಾರ್ಲ್ಸ್ ಡಾರ್ವಿನ್. ಇಂಗ್ಲೆಂಡಿನ ಒಂದು ನೆಲದ ಆರ್ಕಿಡ್ ಹೂವಿಗೆ ಅವರು ಚೂಪು ಪೆನ್ಸಿಲ್ ತೂರಿಸಿ ತೆಗೆದರು. ಪರಾಗದ ಗಂಟು ಪೆನ್ಸಿಲ್ಲಿಗೆ ನೆಟ್ಟಗೆ ಅಂಟಿಕೊಂಡು ಬಂತು. ಸುಮಾರು ಅರ್ಧ ನಿಮಿಷದಲ್ಲಿ ತಾನಾಗಿ ಮುಂದಕ್ಕೆ ಬಾಗಿತು. ಹಾಗೆ ಬಾಗಿದರೆ ಮಾತ್ರ ಅದು ಇನ್ನೊಂದು ಹೂವಿನ ಶಲಾಕಾಗ್ರಕ್ಕೆ ಸರಿಯಾಗಿ ತಾಗುತ್ತದೆ!

1862ರಲ್ಲಿ ಡಾರ್ವಿನ್‌ಗೆ ಮಡಗಾಸ್ಕರ್ ದ್ವೀಪದ ಒಂದು ಬಿಳಿ ಆರ್ಕಿಡ್ ಸಿಕ್ಕಿತು. ಅದರ ನಾಳ ಹನ್ನೊಂದೂವರೆ ಅಂಗುಲ ಉದ್ದ. ನಮ್ಮ ಒಂದಡಿ ಸ್ಕೇಲಿಗಿಂತ ಅರ್ಧ ಅಂಗುಲ ಮಾತ್ರ ಕಡಿಮೆ. ಇಷ್ಟುದ್ದ ಹೀರುಗೊಳವೆಯ ಪತಂಗ ಅಲ್ಲಿ ಇರಲೇಬೇಕು ಎಂದು ಅವರು ಹೇಳಿದರು. 1882ರಲ್ಲಿ ಡಾರ್ವಿನ್ ತೀರಿಕೊಂಡರು. 1903ರಲ್ಲಿ ಅಂಥ ಪತಂಗಕ್ಕೆ ವಿಜ್ಞಾನಿಗಳು ಹೆಸರಿಟ್ಟರು. ಆ ಹೆಸರಿನಲ್ಲಿ ‘ಪ್ರಿಡಿಕ್ಟ’ ಎಂಬ ಪದ ಸೇರಿಸಿದರು. ಮೊದಲೇ ಹೇಳಿದ್ದು, ಅಂತ ಅದರರ್ಥ.

ನಿಮಗೆ ಗೊತ್ತೇ?

ಐಸ್‌ಕ್ರೀಮಿನ ಪರಿಮಳ ಕೊಡುವ ವೆನಿಲ್ಲಾ ಕೂಡ ಒಂದು ಆರ್ಕಿಡ್. ಬೇರು ನೆಲದಲ್ಲಿ ಬಿಟ್ಟು ಮರಕ್ಕೆ ಹಬ್ಬುವ ಬಳ್ಳಿ. 2003-04ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೆ ಏರಿ ಮಲೆನಾಡಿನ ತೋಟಗಳಲ್ಲೆಲ್ಲ ವೆನಿಲ್ಲಾ ಮಾತೇ ಮಾತು. ಆಮೇಲೆ ಬೆಲೆ ನೆಲ ಕಚ್ಚಿತು. ಈ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್. ರಿಯೂನಿಯನ್ ದ್ವೀಪದ ತೋಟದಲ್ಲಿ ಗುಲಾಮನಾಗಿದ್ದ ಹುಡುಗ. 1841ರಲ್ಲಿ ಅವನಿಗೆ ಹನ್ನೆರಡು ವರ್ಷ, ಅಂದರೆ ನಮ್ಮ ಏಳನೇ ತರಗತಿಯವರ ವಯಸ್ಸು!

ಧೂಳಿನಂಥ ಬೀಜ

ಪರಾಗಸ್ಪರ್ಶ ಆದ ಮೇಲೆ ತಿರುಚಿದ ಅಂಡಾಶಯ ಊದಿಕೊಂಡು ಕಾಯಾಗುತ್ತದೆ. ಮಳೆ ಹಿಂದಾಗುವ ಹೊತ್ತಿಗೆ ಕಾಯಿ ಒಣಗಿ ಉದ್ದುದ್ದ ಸೀಳು ಬಿಡುತ್ತದೆ. ಒಳಗಿಂದ ಧೂಳಿನ ಹಾಗೆ ಬೀಜ ಹಾರುತ್ತದೆ. ಒಂದು ಕಾಯಿಯಲ್ಲೇ ಸಾವಿರಾರು ಬೀಜ. ಡಾರ್ವಿನ್ ತಮ್ಮೂರಿನ ಒಂದು ನೆಲದ ಆರ್ಕಿಡ್‌ನ ಕಾಯಿಯಲ್ಲಿ ಸುಮಾರು 6,200 ಬೀಜ ಲೆಕ್ಕ ಹಾಕಿದರು. ಗಿಡದಲ್ಲಿ 30 ಕಾಯಿ ಇದ್ದರೆ ಒಟ್ಟು ಬೀಜ 1,86,000. ಎಲ್ಲವೂ ಹುಟ್ಟಿ ಬೆಳೆದರೆ ಒಂದೇ ಗಿಡದ ಮರಿಮೊಮ್ಮಕ್ಕಳು ಭೂಮಿಯ ನೆಲವನ್ನೆಲ್ಲ ಹೆಚ್ಚುಕಡಿಮೆ ಮುಚ್ಚಿಬಿಡುತ್ತವೆ ಎಂದು ಅವರು ಹೇಳಿದರು.

ಹಾಗಾದರೆ ನಮ್ಮ ಬ್ಯಾಣ ಯಾಕೆ ಆರ್ಕಿಡ್‌ನಿಂದ ತುಂಬಿಲ್ಲ? ಕಾರಣ ಬೀಜದಲ್ಲೇ ಇದೆ. ಭತ್ತದ ಕಾಳನ್ನು ನೋಡಿ. ಮೂಲೆಯಲ್ಲಿ ಪುಟ್ಟ ಭ್ರೂಣ, ಉಳಿದದ್ದೆಲ್ಲ ಅದಕ್ಕೆ ಬುತ್ತಿ. ನಾವು ಅನ್ನ ಮಾಡಿ ಉಣ್ಣುವುದು ಆ ಬುತ್ತಿಯನ್ನೇ. ಆರ್ಕಿಡ್ ತನ್ನ ಮಕ್ಕಳನ್ನು ಬುತ್ತಿ ಕಟ್ಟದೇ ಕಳಿಸುತ್ತದೆ. ಬೀಜ ಹಗುರ, ದೂರ ಹಾರುತ್ತದೆ, ಸರಿ. ಆದರೆ ಬಿದ್ದ ಜಾಗದಲ್ಲಿ ಊಟ ಯಾರು ಹಾಕಬೇಕು?

ಊಟ ಹಾಕೋದು ಮಣ್ಣಿನ ಶಿಲೀಂಧ್ರ. ಅಣಬೆಯ ಬಳಗದ್ದು, ನೂಲಿಗಿಂತ ತೆಳ್ಳಗೆ ಮಣ್ಣಿನಲ್ಲಿ ಹರಡಿರುತ್ತದೆ. ಅದರ ಎಳೆ ಬೀಜದೊಳಗೆ ಹೊಕ್ಕು ಆಹಾರ ಕೊಟ್ಟರೆ ಮಾತ್ರ ಭ್ರೂಣ ಬೆಳೆಯುತ್ತದೆ. ಸರಿಯಾದ ಶಿಲೀಂಧ್ರ ಸಿಗದ ಬೀಜ ಅಲ್ಲೇ ಮುಗಿಯುತ್ತದೆ. ಈ ಗುಟ್ಟನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಎಂಬ ತರುಣ ವಿಜ್ಞಾನಿ ಕಂಡುಹಿಡಿದರು. ಹೀಗೆ ಲಕ್ಷ ಬೀಜದಲ್ಲಿ ಎಲ್ಲೋ ಒಂದೆರಡು ಮೊಳೆತು, ಮೊದಲು ನೆಲದೊಳಗೇ ಬೆಳೆದು, ಆಮೇಲೆ ಎಲೆ ಬಿಟ್ಟು, ಗೆಡ್ಡೆ ಕಟ್ಟಿ, ಹೂ ಬಿಡುವಷ್ಟರಲ್ಲಿ ಹಲವು ಮಳೆಗಾಲ ಕಳೆದಿರುತ್ತವೆ. ಅಂದರೆ ಈಗ ಅರಳಿರೋ ಗಿಡಕ್ಕೆ ನಮ್ಮ ಚಿಕ್ಕ ತರಗತಿಯ ತಮ್ಮ ತಂಗಿಯರ ವಯಸ್ಸೇ ಆಗಿದ್ದರೂ ಆಶ್ಚರ್ಯವಿಲ್ಲ.

ಗುರುತಿಸೋದು ಹೇಗೆ?

ನಮ್ಮ ಘಟ್ಟದ ಸೀಮೆಯಲ್ಲಿ ನೋಡಬಹುದಾದ ಕೆಲವು ಪ್ರಭೇದಗಳ ಗುರುತು ಕೆಳಗೆ ಕೊಟ್ಟಿದೆ. ಹೆಸರು ಉದ್ದ ಅಂತ ಹೆದರಬೇಡಿ, ಗುರುತು ನೆನಪಿಟ್ಟರೆ ಸಾಕು.

• ಹ್ಯಾಬಿನೇರಿಯ ಗ್ರ್ಯಾಂಡಿಫ್ಲೋರಿಫಾರ್ಮಿಸ್ : ಎಲ್ಲರಿಗಿಂತ ಮೊದಲು ಬರುವವನು. ಮುಂಗಾರಿನ ಮೊದಲ ಮಳೆಗಳಿಗೇ ಹೂ. ನೆಲಕ್ಕೆ ಅಂಟಿದ ಒಂದೇ ದುಂಡನೆ ಎಲೆ, ಅಪರೂಪಕ್ಕೆ ಎರಡು. ಗಿಡ್ಡ ದಂಟಿನ ಮೇಲೆ ಒಂದೆರಡು ಬಿಳಿ ಹೂ.

• ಹ್ಯಾಬಿನೇರಿಯ ಹೇನಿಯಾನ : ಹೂಗಳೆಲ್ಲ ದಂಟಿನ ಒಂದೇ ಪಕ್ಕಕ್ಕೆ ಒತ್ತಾಗಿ ಸಾಲು ಹಿಡಿದಿರುತ್ತವೆ. ಥೇಟ್ ಹಲ್ಲುಜ್ಜುವ ಬ್ರಷ್! ಟಿಪ್ಪುವಿನ ಕಾಲದ ನಂತರ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೇನ್ ಅವರ ಹೆಸರು ಇದಕ್ಕಿದೆ.

• ಹ್ಯಾಬಿನೇರಿಯ ಮಾರ್ಜಿನೇಟ : ಹೂ ಹಳದಿ. ಎಲೆಯ ಅಂಚಿಗೂ ಹಳದಿ ಗೆರೆ, ಸೀರೆಗೆ ಅಂಚು ಹಾಕಿದ ಹಾಗೆ.

• ಹ್ಯಾಬಿನೇರಿಯ ರ‍್ಯಾರಿಫ್ಲೋರ : ಬಂಡೆಯ ಬಿರುಕಿನಲ್ಲಿ, ಪಾಚಿಯ ನಡುವೆ ಇರುವುದು. ಒಂದೋ ಎರಡೋ ಮೂರೋ ಬಿಳಿ ಹೂ ಅಷ್ಟೇ. ಹೆಸರಿನ ಅರ್ಥವೂ ‘ಕೆಲವೇ ಹೂವಿನದು’.

• ಹ್ಯಾಬಿನೇರಿಯ ಪ್ಲಾಂಟಜಿನಿಯ : ಎಲೆಗಳು ಬುಡದಲ್ಲಿ ಗುಂಪಾಗಿ ಹರಡಿರುತ್ತವೆ. ದಂಟಿನ ತುದಿಯಲ್ಲಿ ಬಿಳಿ ಹೂ. ಮಳೆಗಾಲದ ಕೊನೆಯ ಕಡೆ ನೋಡಬಹುದು.

• ಹ್ಯಾಬಿನೇರಿಯ ಲಾಂಗಿಕಾರ್ನಿಕ್ಯುಲೇಟ : ಮೇಲೆ ಹೇಳಿದ ಉದ್ದ ನಾಳದ ಬಿಳಿ ಹೂ. ಹುಬ್ಬೆ ಮಳೆಯ ಹೊತ್ತಿಗೆ ಹುಲ್ಲಿನ ಮಟ್ಟಕ್ಕಿಂತ ಮೇಲೆ ತಲೆ ಎತ್ತಿ ನಿಂತಿರುತ್ತದೆ.

• ಹ್ಯಾಬಿನೇರಿಯ ಕ್ರಿನಿಫೆರ : ಕಾಡಿನ ತಂಪಿನಲ್ಲಿ, ಕೆಲವೊಮ್ಮೆ ಪಾಚಿ ಹಿಡಿದ ಮರದ ಬುಡದಲ್ಲೂ ಇರುತ್ತದೆ. ಬಿಳಿ ಹೂ ಲಂಗ ತೊಟ್ಟ ಬೊಂಬೆಯ ಹಾಗೆ ಕಾಣುತ್ತದೆ.

ಗೆಡ್ಡೆ ಅಗೆದರೆ ಏನಾಗುತ್ತದೆ?

ಈಗ ಮೊದಲು ಹೇಳಿದ ಎರಡು ಕಣಜದ ಮಾತಿಗೆ ಬರೋಣ. ನಾವು ಈ ಗಿಡವನ್ನು ಮೂರು ರೀತಿ ಕೀಳ್ತೀವಿ. ಮೂರಕ್ಕೂ ಬೇರೆ ಬೇರೆ ಬೆಲೆ ಇದೆ.

ಬರೀ ಹೂ ಕಿತ್ತರೆ ಈ ವರ್ಷದ ಬೀಜ ಹೋಯಿತು. ಎಲೆ ಸಮೇತ ದಂಟು ಕಿತ್ತರೆ ಹೊಸ ಗೆಡ್ಡೆಗೆ ಬರಬೇಕಾದ ಊಟ ಹೋಯಿತು, ಮುಂದಿನ ವರ್ಷ ಅದು ಸೊರಗುತ್ತದೆ. ಗೆಡ್ಡೆ ಅಗೆದರೆ ಹಳೇ ಕಣಜ, ಹೊಸ ಕಣಜ ಎರಡೂ ಹೋದವು. ಇನ್ನು ಅಲ್ಲಿ ಆ ಗಿಡವೇ ಇಲ್ಲ.

‘ಅಗೆದು ತಂದು ಮನೆ ಮುಂದೆ ಕುಂಡದಲ್ಲಿ ನೆಟ್ಟರಾಯ್ತಲ್ಲ’ ಅಂತ ಕೆಲವರು ಕೇಳಬಹುದು. ಗೊಬ್ಬರ ಹಾಕಿ ದಿನಾ ನೀರು ಹೊಯ್ದರೆ ಬೇಸಿಗೆಯಲ್ಲಿ ಮಲಗಬೇಕಾದ ಗೆಡ್ಡೆ ಕೊಳೆಯುತ್ತದೆ. ಬ್ಯಾಣದ ಮಣ್ಣಿನ ಶಿಲೀಂಧ್ರ ಕುಂಡದಲ್ಲಿ ಇರುತ್ತದೆ ಎಂಬ ಭರವಸೆ ಇಲ್ಲ. ಬದುಕಿದರೂ ಅದರ ಬೀಜ ಅಂಗಳದಲ್ಲಿ ಮೊಳೆಯೋದು ಕಷ್ಟ.

ಗೆಡ್ಡೆಗೆ ಬೇಡಿಕೆ ಬಂದರೆ ಎಂಥ ಗತಿಯಾಗುತ್ತದೆ ಎನ್ನೋದಕ್ಕೆ ಬೇರೆ ಕಡೆಯ ಉದಾಹರಣೆಗಳಿವೆ. ಆಯುರ್ವೇದದಲ್ಲಿ ಅಷ್ಟವರ್ಗ ಎಂಬ ಎಂಟು ಮೂಲಿಕೆಗಳ ಗುಂಪಿದೆ. ಅದರಲ್ಲಿ ಋದ್ಧಿ ಎಂದು ಗುರುತಿಸುವುದು ಹಿಮಾಲಯದ ಹ್ಯಾಬಿನೇರಿಯ ಇಂಟರ್ಮೀಡಿಯ ಎಂಬ ಆರ್ಕಿಡ್‌ನ ಗೆಡ್ಡೆಯನ್ನು. ಚ್ಯವನಪ್ರಾಶದ ಪಟ್ಟಿಯಲ್ಲಿ ಇದೂ ಸೇರಿದೆ. ಔಷಧಿಗೆಂದು ಅಗೆದೂ ಅಗೆದೂ ಈಗ ಅದು ಅಪರೂಪವಾಗಿದೆ. ಆಫ್ರಿಕಾದ ಜಾಂಬಿಯಾ ದೇಶದಲ್ಲಿ ನೆಲದ ಆರ್ಕಿಡ್‌ಗಳ ಗೆಡ್ಡೆ ಕುಟ್ಟಿ, ಶೇಂಗಾ ಪುಡಿ ಸೇರಿಸಿ ಬೇಯಿಸಿ, ಚಿಕಂಡ ಎಂಬ ತಿನಿಸು ಮಾಡುತ್ತಾರೆ. ಮೊದಲು ಹಳ್ಳಿಯ ಊಟವಾಗಿದ್ದದ್ದು ಪೇಟೆಯ ಸರಕಾಯಿತು. ತಮ್ಮ ದೇಶದ ಗೆಡ್ಡೆ ಸಾಲದೆ ಪಕ್ಕದ ತಾಂಜಾನಿಯಾದಿಂದಲೂ ತರಿಸುವಂತಾಯಿತು. ತಾಂಜಾನಿಯಾ 2005ರಲ್ಲಿ ಕಿಟುಲೊ ಎಂಬ ಹೂವಿನ ಹುಲ್ಲುಗಾವಲನ್ನು ರಾಷ್ಟ್ರೀಯ ಉದ್ಯಾನ ಮಾಡಿತು. ಹುಲಿ ಸಿಂಹಕ್ಕಲ್ಲ, ಹೂಗಿಡಗಳಿಗಾಗಿ! ಟರ್ಕಿಯಲ್ಲಿ ಸಲೇಪ್ ಎಂಬ ಬಿಸಿ ಪಾನೀಯಕ್ಕೂ ನೆಲದ ಆರ್ಕಿಡ್ ಗೆಡ್ಡೆಯನ್ನೇ ಅಗೆಯುತ್ತಾರೆ. ಕಾಡಿನ ಆರ್ಕಿಡ್‌ಗಳನ್ನು ದೇಶದಿಂದ ದೇಶಕ್ಕೆ ಮನಬಂದಂತೆ ಮಾರದ ಹಾಗೆ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ತಡೆ ಹಾಕಿದೆ. ಭಾರತವೂ ಅದರಲ್ಲಿ ಸೇರಿದೆ.

ನಮ್ಮ ಕಡೆ ಗೆಡ್ಡೆ ಕೊಳ್ಳುವ ವ್ಯಾಪಾರಿಗಿಂತ ದೊಡ್ಡ ಅಪಾಯ ಜಾಗವೇ ಇಲ್ಲವಾಗುವುದು. ಬ್ಯಾಣ ಅಂದ್ರೆ ಖಾಲಿ ಜಾಗ, ಪಡಾ ಬಿದ್ದದ್ದು ಅಂತ ನಾವು ಮಾತಾಡ್ತೀವಿ. ಆದರೆ ಅದು ಖಾಲಿ ಅಲ್ಲ. ಅಲ್ಲಿ ಅಕೇಶಿಯಾ ನೆಟ್ಟರೆ ನೆರಳು ಮುಚ್ಚಿ ಬಿಸಿಲು ಬೇಕಾದ ಈ ಗಿಡಗಳು ಎಲೆ ಬಿಡಲಾರವು. ಚಿರೆಕಲ್ಲು ತೆಗೆದರೆ ಮೇಲ್ಮಣ್ಣಿನ ಜೊತೆ ಗೆಡ್ಡೆ, ಶಿಲೀಂಧ್ರ ಎಲ್ಲ ಒಟ್ಟಿಗೆ ಹೋಗುತ್ತವೆ. ಬೆಂಕಿಗೂ ಬರಕ್ಕೂ ಜಗ್ಗದ ಗಿಡ ಜೆಸಿಬಿಯ ಒಂದು ಬಾಚಿಗೆ ಮುಗಿದುಹೋಗುತ್ತದೆ. ಮಳೆಗಾಲ ಬಿಟ್ಟು ಬೇರೆ ಕಾಲದಲ್ಲಿ ಆ ಗಿಡ ಕಣ್ಣಿಗೇ ಕಾಣದ ಕಾರಣ, ಏನು ಹೋಯಿತು ಎಂದು ಯಾರಿಗೂ ತಿಳಿಯೋದಿಲ್ಲ. ಹಾಗಾಗಿ ಮಳೆಗಾಲದಲ್ಲೇ ನೋಡಿ ಗುರುತು ಹಾಕಿಡುವವರು ಬೇಕು. ದಿನಾ ಬ್ಯಾಣ ದಾಟಿ ಶಾಲೆಗೆ ಬರುವ ನಮಗಿಂತ ಅದಕ್ಕೆ ಬೇರೆ ಯಾರು ಬೇಕು?

ಮಾಡಿ ನೋಡಿ

1. ಹೂ ಬಿಟ್ಟ ಗಿಡ ಕಂಡರೆ ಪಕ್ಕದಲ್ಲಿ ಒಂದು ಬಿದಿರು ಗೂಟ ಊರಿ. ಗೂಟ ಗಿಡದಿಂದ ಒಂದು ಗೇಣು ದೂರ ಇರಲಿ, ಗೆಡ್ಡೆಗೆ ಚುಚ್ಚಬಾರದು.
2. ದಿನಾಂಕ, ಜಾಗ, ಎಲೆ ಎಷ್ಟು, ಹೂ ಎಷ್ಟು ಎಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಚಿತ್ರ ಬಿಡಿಸಿ. ಸ್ಕೇಲು ಹಿಡಿದು ನಾಳದ ಉದ್ದ ಅಳೆಯಿರಿ. ಇದಕ್ಕೆಲ್ಲ ಹೂ ಕೀಳಬೇಕಾಗಿಲ್ಲ.
3. ಒಂದು ತಿಂಗಳ ನಂತರ ಹೋಗಿ ಕಾಯಿ ಎಣಿಸಿ. ಹತ್ತು ಹೂವಿನಲ್ಲಿ ಮೂರು ಕಾಯಾಗಿದ್ದರೆ ಶೇಕಡಾ 30. ಪತಂಗ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂಬ ಅಂದಾಜು ಸಿಗುತ್ತದೆ. ಗಣಿತದ ಮೇಷ್ಟ್ರಿಗೂ ಖುಷಿ!
4. ಹುಲ್ಲು ಕೊಯ್ಯುವಾಗ ಮನೆಯವರಿಗೆ ಹೇಳಿ, ಗೂಟದ ಸುತ್ತ ಒಂದು ಮಾರು ಜಾಗವನ್ನು ಕಾಯಿ ಒಡೆಯುವ ತನಕ ಬಿಡಿಸಿ.
5. ಮುಂದಿನ ವರ್ಷ ಅದೇ ಗೂಟದ ಹತ್ತಿರ ಹೋಗಿ ನೋಡಿ. ಮತ್ತೆ ಬಂದಿದ್ದರೆ ಹೊಸ ಕಣಜದ ಲೆಕ್ಕ ಸರಿಯಾಗಿದೆ ಎಂದರ್ಥ.

ಇನ್ನೊಂದು ಕೆಲಸ. ಸೀತಾಳೆಗೆ ಚೆಂದದ ಹೆಸರಿದೆ. ಈ ನೆಲದ ಹೂಗಳನ್ನು ನಮ್ಮೂರಲ್ಲಿ ಬ್ಯಾಣದ ಹೂ, ಹುಲ್ಲಿನ ಹೂ ಅಂತ ಒಟ್ಟಾಗಿ ಕರೆದುಬಿಡುತ್ತಾರೆ. ನಿಮ್ಮ ಅಜ್ಜ ಅಜ್ಜಿಯರನ್ನು, ದನ ಕಾಯುವವರನ್ನು ಕೇಳಿ. ಬೇರೆ ಹೆಸರು ಗೊತ್ತಿದ್ದರೆ ಬರೆದುಕೊಂಡು ಬನ್ನಿ. ಹೆಸರಿದ್ದ ಗಿಡವನ್ನು ಕೀಳೋಕೆ ಕೈ ಅಷ್ಟು ಸುಲಭವಾಗಿ ಮುಂದೆ ಹೋಗೋದಿಲ್ಲ.

ಉತ್ತರ ಹೇಳಿ

1. ಹ್ಯಾಬಿನೇರಿಯ ಬೇಸಿಗೆಯಲ್ಲಿ ಎಲ್ಲಿರುತ್ತದೆ?
2. ಆರ್ಕಿಡ್ ಬೀಜಕ್ಕೂ ಭತ್ತದ ಬೀಜಕ್ಕೂ ಇರುವ ಮುಖ್ಯ ವ್ಯತ್ಯಾಸ ಯಾವುದು?
3. ಮಧುನಾಳ ಗಿಡ್ಡವಾದರೆ ಹೂವಿಗೆ ಯಾಕೆ ನಷ್ಟ?
4. ಅರಳುವಾಗ 180 ಡಿಗ್ರಿ ತಿರುಚಿಕೊಳ್ಳುವ ಭಾಗ ಯಾವುದು?

ಉತ್ತರಗಳೆಲ್ಲ ಈ ಲೇಖನದಲ್ಲೇ ಇವೆ. ಚೀಟಿಯಲ್ಲಿ ಬರೆದು, ನಿಮ್ಮ ಹೆಸರು ಮತ್ತು ತರಗತಿ ಸೇರಿಸಿ ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ಹೂ ಕಿತ್ತು ತಂದವರ ಚೀಟಿ ಮಾತ್ರ ಲೆಕ್ಕಕ್ಕಿಲ್ಲ!